ವಿಡಿಯೋ ಕಳಿಸಬೇಕೋ, ಎದುರಿಗೇ ನುಡಿಸಬೇಕೋ: ಮ್ಯೂಸಿಕ್ ಕಾಲೇಜು ಆಡಿಷನ್‌ಗೆ ಸಮಗ್ರ ಮಾರ್ಗದರ್ಶಿ

ನವೆಂಬರ್ ಮೂರನೇ ವಾರ. ಬಸವನಗುಡಿಯ ನಮ್ಮ ಮನೆಯ ಹಾಲ್‌ನಲ್ಲಿ ಹದಿನೇಳು ವರ್ಷದ ಶಿಷ್ಯೆಯೊಬ್ಬಳು ವಯೊಲಿನ್ ಹಿಡಿದು ನಿಂತಿದ್ದಳು. ಅಮೆರಿಕದ ಕಾಲೇಜಿಗೆ ವಿಡಿಯೋ ಕಳಿಸಲು ಇನ್ನು ಹತ್ತು ದಿನ. ಫ್ಯಾನ್ ಆರಿಸಿದ್ದೆವು, ಫ್ರಿಜ್ ಪ್ಲಗ್ ಕಿತ್ತಿದ್ದೆವು, ಕಾಲಿಂಗ್ ಬೆಲ್ ಬಂದ್ ಮಾಡಿದ್ದೆವು. ಜರ್ಮನಿಯ ಸಂಗೀತಕಾರ ಬಾಖ್‌ನ ಒಂದು ನಿಧಾನದ ಭಾಗ ಎರಡು ನಿಮಿಷ ಚೆನ್ನಾಗಿ ಸಾಗಿತ್ತು. ಅಷ್ಟರಲ್ಲಿ ಮುಂದಿನ ರಸ್ತೆಯ ರಾಜ್ಯೋತ್ಸವ ಆರ್ಕೆಸ್ಟ್ರಾದವರು ಶುರು ಮಾಡಿದರು: "ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ." ಹುಡುಗಿ ಕಮಾನು ಕೆಳಗಿಳಿಸಿ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ಬಂತು. ಸ್ವಲ್ಪ ಹೊತ್ತಿಗೆ ಅವಳಿಗೆ ಅಳುವೂ ಬಂತು.

"ರೆಕಾರ್ಡಿಂಗ್ ಆದರೆ ಸುಲಭ, ಎಷ್ಟು ಸಲ ಬೇಕಾದರೂ ನುಡಿಸಬಹುದು, ಅಲ್ವಾ ಮೇಡಂ?" ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ. ಸುಲಭ ಅಲ್ಲ, ಬೇರೆ ಅಷ್ಟೇ. ರೆಕಾರ್ಡಿಂಗ್‌ನಲ್ಲಿ ಮೊದಲ ಒಂದು ನಿಮಿಷದ ಮೇಲೆ ಎಲ್ಲ ನಿಂತಿರುತ್ತದೆ. ಲೈವ್‌ನಲ್ಲಿ ತಪ್ಪು ಮಾಡಿದ ಮೇಲಿನ ಒಂದು ನಿಮಿಷದ ಮೇಲೆ ನಿಂತಿರುತ್ತದೆ. ಎರಡಕ್ಕೂ ಅಭ್ಯಾಸ ಮಾಡುವ ರೀತಿ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಎರಡಕ್ಕೂ ಒಂದೇ ಥರ ತಯಾರಾಗಿ ಕಷ್ಟಪಡುವುದನ್ನು ನೋಡಿದ್ದೇನೆ.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಅಮೆರಿಕ, ಬ್ರಿಟನ್‌ನ ಕಾಲೇಜುಗಳಿಗೆ ನಮ್ಮ ಊರಿಂದ ಅರ್ಜಿ ಹಾಕುವವರಿಗೆ. ಪಾಶ್ಚಾತ್ಯ ಸಂಗೀತದವರಿಗೆ ಜಾಸ್ತಿ. ಕರ್ನಾಟಕ ಸಂಗೀತ ಕಲಿತು ಅಲ್ಲಿಗೆ ಹೋಗುವವರಿಗೂ ಒಂದು ಭಾಗ ಇಟ್ಟಿದ್ದೇನೆ.

ಆಡಿಷನ್‌ನಲ್ಲಿ ಎಷ್ಟು ಬಗೆ

ಮೊದಲನೆಯದು ಪ್ರೀಸ್ಕ್ರೀನ್. ನೀವು ವಿಡಿಯೋ ಕಳಿಸುತ್ತೀರಿ, ಅವರು ನೋಡಿ, ಯಾರನ್ನು ಲೈವ್‌ಗೆ ಕರೆಯಬೇಕೆಂದು ತೀರ್ಮಾನ ಮಾಡುತ್ತಾರೆ. ಇದು ಸೀಟು ಕೊಡಿಸುವುದಿಲ್ಲ, ಬಾಗಿಲು ತೆರೆಯುತ್ತದೆ. ನ್ಯೂಯಾರ್ಕ್‌ನ ಜೂಲಿಯಾರ್ಡ್‌ನಲ್ಲಿ ಹೆಚ್ಚಿನ ವಿಭಾಗಗಳಿಗೆ ಪ್ರೀಸ್ಕ್ರೀನ್ ಇದೆ. ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟ್ ಕೂಡ ಜನ ಆಸೆಪಡುವ ಜಾಗ. 1924ರಲ್ಲಿ ಶುರುವಾದ ಈ ಶಾಲೆಯಲ್ಲಿ 1928ರಿಂದ ಯಾರಿಂದಲೂ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಅಲ್ಲಿ ನೂಕುನುಗ್ಗಲು.

ಎರಡನೆಯದು ಪೂರ್ತಿ ರೆಕಾರ್ಡೆಡ್ ಆಡಿಷನ್. ವಿಡಿಯೋ ನೋಡಿಯೇ ಸೀಟಿನ ತೀರ್ಮಾನ. ದೂರ ದೇಶದವರಿಗೆ ಬ್ರಿಟನ್‌ನ ಹಲವು ಕನ್ಸರ್ವೇಟರಿಗಳು (ಸಂಗೀತ ಕಾಲೇಜುಗಳು) ಈ ಅವಕಾಶ ಕೊಡುತ್ತವೆ. ಮೂರನೆಯದು ಆನ್‌ಲೈನ್ ಲೈವ್. ನೀವು ಮನೆಯಲ್ಲಿ, ಅವರು ಅಲ್ಲಿ, ನಡುವೆ ಇಂಟರ್‌ನೆಟ್. ನಾಲ್ಕನೆಯದು ವಿಮಾನ ಹತ್ತಿ ಹೋಗಿ ಎದುರಿಗೆ ನಿಂತು ನುಡಿಸುವುದು.

ರೆಕಾರ್ಡ್ ಮಾಡಿ ಕಳಿಸುವುದು ನಮ್ಮವರಿಗೆ ಹೊಸದೇನಲ್ಲ. ಆಕಾಶವಾಣಿಯ ಆಡಿಷನ್ ಕೊಟ್ಟವರು ನಿಮ್ಮ ಮನೆಯಲ್ಲೇ ಯಾರಾದರೂ ಇರಬಹುದು. ಅಲ್ಲೂ ಮೊದಲು ಸ್ಥಳೀಯ ಸಮಿತಿ ಕೇಳುತ್ತದೆ, ಆಮೇಲೆ ರೆಕಾರ್ಡಿಂಗ್ ದೆಹಲಿಯ ಆಡಿಷನ್ ಬೋರ್ಡಿಗೆ ಹೋಗುತ್ತದೆ. ಬಿ, ಬಿ ಹೈ, ಎ, ಟಾಪ್ ಎಂದು ಗ್ರೇಡು ಬರುತ್ತದೆ. ಒಂದೇ ವ್ಯತ್ಯಾಸ. ರೇಡಿಯೋದವರಿಗೆ ನಾದ ಕೇಳಿದರೆ ಸಾಕು. ಕಾಲೇಜಿನವರು ವಿಡಿಯೋದಲ್ಲಿ ನಿಮ್ಮ ಬೆರಳು, ಕಮಾನಿನ ಕೈ, ಭುಜ, ನಿಂತ ಭಂಗಿ ಎಲ್ಲ ನೋಡುತ್ತಾರೆ. ಈಗ ಎಷ್ಟು ಬರುತ್ತದೆ ಎನ್ನುವುದಕ್ಕಿಂತ, ನಾಲ್ಕು ವರ್ಷದಲ್ಲಿ ಎಷ್ಟು ಕಲಿಸಬಹುದು ಎಂದು ಅಂದಾಜು ಮಾಡುತ್ತಿರುತ್ತಾರೆ.

ಹೆಜ್ಜೆ 1: ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಕಾಲೇಜಿನ ಹೆಸರು, ವಿಡಿಯೋ ಬೇಕೋ ಬೇಡವೋ, ಯಾವ ಯಾವ ಕೃತಿ, ಬಾಯಿಪಾಠ ಬೇಕೋ, ಪಿಯಾನೋ ಸಾಥ್ ಬೇಕೋ, ಕೊನೆಯ ದಿನ, ಲೈವ್ ಇರುವ ತಿಂಗಳು. ಇಷ್ಟು ಬರೆಯಿರಿ. ಪ್ರತಿ ವರ್ಷ ಕಾಲೇಜಿನ ಪುಟದಲ್ಲಿ ನಿಯಮ ಬದಲಾಗುತ್ತದೆ. ಹೋದ ವರ್ಷ ಹೋದ ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಬ್ರಿಟನ್‌ನ ಹೆಚ್ಚಿನ ಕನ್ಸರ್ವೇಟರಿಗಳಿಗೆ ಯುಕಾಸ್ ಕನ್ಸರ್ವಟ್ವಾರ್ಸ್ ಎಂಬ ಒಂದೇ ಕಡೆಯಿಂದ ಅರ್ಜಿ ಹೋಗುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ ಮೊದಲಲ್ಲೇ ಗಡುವು, ಅದೂ ಸೇರುವುದಕ್ಕೆ ಸುಮಾರು ಒಂದು ವರ್ಷ ಮುಂಚೆ. ಪಿಯುಸಿ ಎರಡನೇ ವರ್ಷ ಶುರುವಾಗಿ ಕೆಲವೇ ತಿಂಗಳಾಗಿರುತ್ತದೆ. ಇದು ಗೊತ್ತಾಗದೆ ಬ್ರಿಟನ್ ತಪ್ಪಿಸಿಕೊಂಡ ಮಕ್ಕಳು ಎಷ್ಟೋ. ಅಮೆರಿಕದ್ದು ಸ್ವಲ್ಪ ಉಸಿರಾಡಲು ಬಿಡುತ್ತದೆ. ಅನೇಕ ಕಡೆ ಪ್ರೀಸ್ಕ್ರೀನ್‌ಗೆ ಡಿಸೆಂಬರ್ 1 ಕೊನೆಯ ದಿನ. ಲೈವ್ ಆಡಿಷನ್ ಜನವರಿಯಿಂದ ಮಾರ್ಚ್ ಒಳಗೆ. ಫಲಿತಾಂಶ ಸುಮಾರು ಏಪ್ರಿಲ್ ಹೊತ್ತಿಗೆ.

ಈಗ ಈ ತಾರೀಕುಗಳನ್ನು ನಮ್ಮ ಪಂಚಾಂಗದ ಮೇಲೆ ಇಟ್ಟು ನೋಡಿ. ಬ್ರಿಟನ್‌ಗೆ ವಿಡಿಯೋ ಮಾಡುವ ಸಮಯಕ್ಕೆ ಗಣೇಶನ ಪೆಂಡಾಲು. ಅಮೆರಿಕಕ್ಕೆ ಮಾಡುವ ಸಮಯಕ್ಕೆ ದೀಪಾವಳಿ ಪಟಾಕಿ, ಅದು ಮುಗಿದರೆ ತಿಂಗಳು ಪೂರ್ತಿ ರಾಜ್ಯೋತ್ಸವ. ತಮಾಷೆಗೆ ಹೇಳುತ್ತಿಲ್ಲ. ನಾನಂತೂ ಈಗ ಮಕ್ಕಳಿಗೆ ಆಷಾಢದಲ್ಲೇ ಒಂದು ಪೂರ್ತಿ ರಿಹರ್ಸಲ್ ರೆಕಾರ್ಡಿಂಗ್ ಮಾಡಿಸುತ್ತೇನೆ. ಮದುವೆ ಇಲ್ಲ, ಬ್ಯಾಂಡ್ ಇಲ್ಲ, ಬೀದಿ ತಣ್ಣಗಿರುತ್ತದೆ. ಆಗ ಕೃತಿಗಳು ಅರ್ಧಂಬರ್ಧ ಬಂದಿರುತ್ತವೆ, ಪರವಾಗಿಲ್ಲ. ರೂಮು, ಮೈಕು, ಕ್ಯಾಮೆರಾದ ತಕರಾರುಗಳೆಲ್ಲ ಆಗಲೇ ಬಗೆಹರಿದಿರುತ್ತವೆ.

ಹೆಜ್ಜೆ 2: ಆಯ್ಕೆ ಕೊಟ್ಟಿದ್ದರೆ ಯಾವುದನ್ನು ಆರಿಸುವುದು

ಕೆಲವು ಕಡೆ ಲೈವ್ ಅಥವಾ ರೆಕಾರ್ಡೆಡ್, ನಿಮ್ಮಿಷ್ಟ ಎಂದಿರುತ್ತದೆ. "ಎರಡೂ ಒಂದೇ ತೂಕ" ಎಂದು ಕಾಲೇಜು ಬರೆದಿದ್ದರೆ ನಂಬಿ. ಬರೆಯದೆ ಇದ್ದರೆ ಮೇಲ್ ಹಾಕಿ ಕೇಳಿ, ಸ್ಕಾಲರ್‌ಶಿಪ್‌ಗೂ ಅದೇ ಲೆಕ್ಕವೇ ಎಂದು. ಕೇಳಿದರೆ ಯಾರೂ ಬೈಯುವುದಿಲ್ಲ.

ಹೋಗುವುದಾದರೆ ವೀಸಾ ಬೇಕು, ಟಿಕೆಟ್ ಬೇಕು, ಚಳಿಗಾಲದ ಬಟ್ಟೆ ಬೇಕು. ವಿಸಿಟರ್ ವೀಸಾ ಇಂಟರ್‌ವ್ಯೂಗೆ ಇಲ್ಲಿ ಕಾಯಬೇಕಾದ ಸಮಯ ಕೆಲವೊಮ್ಮೆ ತಿಂಗಳುಗಟ್ಟಲೆ ಆಗುತ್ತದೆ. ಪ್ರೀಸ್ಕ್ರೀನ್ ಫಲಿತಾಂಶ ಬಂದ ಮೇಲೆ ಅರ್ಜಿ ಹಾಕೋಣ ಎಂದು ಕಾದರೆ ಕೆಟ್ಟಿತು. ಲೈವ್ ಕಡ್ಡಾಯ ಇರುವ ಒಂದು ಕಾಲೇಜಿಗಾದರೂ ಅರ್ಜಿ ಹಾಕುವುದು ಖಚಿತ ಎಂದರೆ ವೀಸಾ ಕೆಲಸ ಮೊದಲೇ ಶುರು ಮಾಡಿ.

ನನ್ನ ಅಭಿಪ್ರಾಯ ಹೇಳುತ್ತೇನೆ. ದುಡ್ಡು, ವೀಸಾ ಎರಡಕ್ಕೂ ತೊಂದರೆ ಇಲ್ಲದಿದ್ದರೆ, ನಿಮಗೆ ತುಂಬ ಬೇಕಾದ ಒಂದೋ ಎರಡೋ ಕಾಲೇಜಿಗೆ ಖುದ್ದಾಗಿ ಹೋಗಿ. ಅವರು ನಿಮ್ಮನ್ನು ನೋಡುವುದಕ್ಕಿಂತ ಜಾಸ್ತಿ, ನೀವು ಅವರನ್ನು ನೋಡುವುದು ಮುಖ್ಯ. ನಾಲ್ಕು ವರ್ಷ ಯಾವ ಟೀಚರ್ ಹತ್ತಿರ ಕಲಿಯುತ್ತೀರೋ ಅವರ ಎದುರಿಗೆ ಹದಿನೈದು ನಿಮಿಷ ನಿಂತರೆ ತುಂಬ ಗೊತ್ತಾಗುತ್ತದೆ. ಉಳಿದ ಕಡೆಗೆಲ್ಲ ವಿಡಿಯೋ ಸಾಕು. ಸಾಲ ಮಾಡಿ ಎಂಟು ಊರು ಸುತ್ತುವುದು ಬೇಡ. ಮನೆಯವರು ಆಸ್ತಿ ಅಡ ಇಟ್ಟು ಟಿಕೆಟ್ ತೆಗೆದಿದ್ದಾರೆ ಎಂಬ ಭಾರ ಹೊತ್ತುಕೊಂಡ ಮಗು ಚೆನ್ನಾಗಿ ನುಡಿಸುವುದಿಲ್ಲ.

ಮಗುವಿನ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೆ ಜನ ಅಂದುಕೊಂಡಿದ್ದಕ್ಕೆ ಉಲ್ಟಾ. ಹೆದರುವ ಮಕ್ಕಳಿಗೆ ರೆಕಾರ್ಡಿಂಗ್ ಒಳ್ಳೆಯದು ಎನ್ನುತ್ತಾರೆ. ನಾನು ನೋಡಿದ ಹಾಗೆ, ಪರ್ಫೆಕ್ಟ್ ಆಗಲೇಬೇಕು ಎನ್ನುವ ಹಠದ ಮಗುವಿಗೆ ರೆಕಾರ್ಡಿಂಗೇ ನರಕ. ಮೂವತ್ತು ಟೇಕ್ ಮಾಡಿ, ಮೂವತ್ತನೆಯದು ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತದೆ. ಅಂಥ ಮಕ್ಕಳು ಲೈವ್‌ನಲ್ಲಿ "ಆಯಿತು, ಮುಗಿಯಿತು" ಎಂದು ಹಗುರಾಗುತ್ತಾರೆ.

ಹೆಜ್ಜೆ 3: ಕೃತಿಗಳ ಆಯ್ಕೆ

ಅಮೆರಿಕದಲ್ಲಿ ಹಲವು ಕಾಲೇಜುಗಳು ಸೇರಿ ಕಾಮನ್ ಪ್ರೀಸ್ಕ್ರೀನ್ ಎಂಬ ಒಂದೇ ಪಟ್ಟಿ ಮಾಡಿಕೊಂಡಿವೆ. ಅದರಲ್ಲಿರುವ ಕಾಲೇಜುಗಳಿಗೆ ಬಹುಮಟ್ಟಿಗೆ ಒಂದೇ ರೆಕಾರ್ಡಿಂಗ್ ಸಾಗುತ್ತದೆ. ನಿಮ್ಮ ಹಾಳೆಯಲ್ಲಿ ಯಾವ ಕಾಲೇಜುಗಳು ಇದರಲ್ಲಿವೆ ಎಂದು ಗುರುತು ಹಾಕಿ. ಕೆಲಸ ಅರ್ಧ ಕಮ್ಮಿ.

ವಯೊಲಿನ್‌ಗೆ ಸಾಮಾನ್ಯವಾಗಿ ಬಾಖ್‌ನ ಒಂಟಿ ವಯೊಲಿನ್ ಕೃತಿಗಳಿಂದ ಒಂದೋ ಎರಡೋ ಭಾಗ, ಒಂದು ಕಾನ್ಚೆರ್ಟೋದ (ಆರ್ಕೆಸ್ಟ್ರಾ ಜೊತೆ ಒಬ್ಬರು ಮುಖ್ಯವಾಗಿ ನುಡಿಸುವ ಕೃತಿ) ಮೊದಲ ಭಾಗ, ಒಂದು ಎಟ್ಯೂಡ್ ಅಥವಾ ಕಪ್ರೀಸ್ (ಕೈಚಳಕ ತೋರಿಸುವ ಚಿಕ್ಕ ಕೃತಿ) ಕೇಳುತ್ತಾರೆ. ಪಿಯಾನೋಗೆ ಬಾಖ್, ಒಂದು ಕ್ಲಾಸಿಕಲ್ ಸೊನಾಟಾ, ಒಂದು ರೊಮ್ಯಾಂಟಿಕ್ ಕೃತಿ, ಎಟ್ಯೂಡ್. ಎಷ್ಟು ಕಷ್ಟದ್ದು ಆರಿಸಬೇಕು? ನಿಮ್ಮ ಕೈಗೆ ಈಗ ಬರುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಹದಿನೇಳಕ್ಕೆ ಎಲ್ಲರೂ ದೊಡ್ಡ ಕಾನ್ಚೆರ್ಟೋಗೇ ಕೈ ಹಾಕುತ್ತಾರೆ. ಅದನ್ನು ಬೇಸುರ್ ನುಡಿಸುವುದಕ್ಕಿಂತ ಮೊಟ್ಸಾರ್ಟ್ ಅನ್ನು ಶ್ರುತಿಶುದ್ಧವಾಗಿ ನುಡಿಸುವುದು ಎಷ್ಟೋ ಮೇಲು.

ರೆಕಾರ್ಡಿಂಗ್‌ಗೆ ಇನ್ನೊಂದು ಕಿವಿಮಾತು. ಕೇಳುವವರ ಮುಂದೆ ನೂರಾರು ಫೈಲು ಇರುತ್ತವೆ. ಎಲ್ಲವನ್ನೂ ಕೊನೆಯವರೆಗೆ ಕೇಳುತ್ತಾರೆ ಎಂಬ ಭರವಸೆ ಬೇಡ. ಶುರುವಿನಲ್ಲೇ ನಿಮ್ಮ ನಾದ ಕೇಳಿಸುವ ಕೃತಿಯನ್ನು ಮೊದಲ ಫೈಲಾಗಿ ಇಡಿ. ಪಿಯಾನೋ ಎರಡು ನಿಮಿಷ ಪೀಠಿಕೆ ಹಾಕಿ ಆಮೇಲೆ ವಯೊಲಿನ್ ಬರುವ ಕಾನ್ಚೆರ್ಟೋ ಆದರೆ, ಆ ಪೀಠಿಕೆ ಕತ್ತರಿಸಿ ನಿಮ್ಮ ಪ್ರವೇಶಕ್ಕೆ ಒಂದೆರಡು ಸಾಲು ಮುಂಚಿನಿಂದ ನುಡಿಸಿಸಿ.

ಹೆಜ್ಜೆ 4: ರೂಮು

ಈ ಭಾಗ ಉದ್ದ ಆಗುತ್ತದೆ. ಯಾಕೆಂದರೆ ನಮ್ಮ ಮಕ್ಕಳ ವಿಡಿಯೋಗಳು ಸೋಲುವುದು ಇಲ್ಲೇ.

ನಮ್ಮ ಮನೆಗಳಲ್ಲಿ ಗ್ರಾನೈಟ್ ಅಥವಾ ಟೈಲ್ಸ್ ನೆಲ, ಬೋಳು ಗೋಡೆ, ಕಾಂಕ್ರೀಟ್ ಸೂರು. ರೂಮಿನ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. "ಟ್ರ್‌ರ್" ಎಂದು ನಡುಗುವ ಸದ್ದು ಹಿಂದಿರುಗಿದರೆ ಆ ರೂಮು ಹಾಗೇ ಇದ್ದರೆ ಆಗುವುದಿಲ್ಲ. ನೆಲಕ್ಕೆ ಜಮಖಾನೆ ಹಾಸಿ. ಒಂದು ಗೋಡೆಗೆ ದಪ್ಪ ಪರದೆ ಅಥವಾ ರಗ್ಗು. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಇದು ನಿಜವಾಗಿ ಕೆಲಸ ಮಾಡುತ್ತದೆ, ಪುಸ್ತಕ ತುಂಬಿದ ಶೆಲ್ಫೂ ಅಷ್ಟೇ. ಆದರೆ ಜಾಸ್ತಿಯೂ ಮಾಡಬೇಡಿ. ಹಾಸಿಗೆ, ದಿಂಬು ತುಂಬಿದ ಚಿಕ್ಕ ಬೆಡ್‌ರೂಮಿನಲ್ಲಿ ವಯೊಲಿನ್ ಸತ್ತ ಹಾಗೆ ಕೇಳಿಸುತ್ತದೆ. ಹಾಡುವವರಿಗೂ ಅಲ್ಲಿ ಗಂಟಲು ಬೇಗ ದಣಿಯುತ್ತದೆ, ಯಾಕೆಂದರೆ ತಮ್ಮ ಧ್ವನಿ ತಮಗೇ ಕೇಳಿಸದೆ ಜೋರು ಮಾಡುತ್ತಾರೆ.

ಕಲ್ಯಾಣ ಮಂಟಪ ಆದೀತೇ ಎಂದು ಒಬ್ಬರು ಕೇಳಿದ್ದರು. ಬೇಡ, ಸ್ವರದ ಮೇಲೆ ಸ್ವರ ಬಿದ್ದು ಪಾಯಸ ಆಗುತ್ತದೆ. ಮರದ ವೇದಿಕೆ ಇರುವ ಚಿಕ್ಕ ಸಭಾಂಗಣ, ಚರ್ಚ್, ಶಾಲೆಯ ಸಂಗೀತದ ಕೋಣೆ ಸಿಕ್ಕರೆ ಒಳ್ಳೆಯದು. ಪಿಯಾನೋದವರು ಅಕೌಸ್ಟಿಕ್ ಪಿಯಾನೋನೇ ಹುಡುಕಿ, ಸಾಧ್ಯವಾದರೆ ಗ್ರ್ಯಾಂಡ್. ಹಿಂದಿನ ದಿನ ಟ್ಯೂನರ್ ಕರೆಸಿ. ಮಳೆಗಾಲ ಕಳೆದ ಪಿಯಾನೋ ಶ್ರುತಿಯಲ್ಲಿ ಇದೆ ಎಂದು ಅಂದುಕೊಳ್ಳಲೇಬೇಡಿ.

ಸಮಯ? ಎಲ್ಲರೂ ಬೆಳಗಿನ ಜಾವ ಎನ್ನುತ್ತಾರೆ. ಬೆಳಗಿನ ಜಾವ ಹಕ್ಕಿ, ಹಾಲಿನ ಗಾಡಿ, ದೇವಸ್ಥಾನದ ಮೈಕು, ಮೇಲಿನ ಮನೆಯವರ ಕೋಪ. ಬೆಂಗಳೂರಿನಲ್ಲಿ ನಿಜವಾದ ನಿಶ್ಶಬ್ದ ಇರುವುದು ವಾರದ ದಿನ ಮಧ್ಯಾಹ್ನ ಎರಡರಿಂದ ಮೂರೂವರೆ. ಮಕ್ಕಳು ಶಾಲೆಯಲ್ಲಿ, ಅಜ್ಜ ಅಜ್ಜಿ ನಿದ್ದೆಯಲ್ಲಿ, ಕುಕ್ಕರ್ ತೊಳೆದು ಬೋರಲು ಹಾಕಿರುತ್ತದೆ.

ಹೆಜ್ಜೆ 5: ಮೈಕು, ಕ್ಯಾಮೆರಾ

ಚಿತ್ರಕ್ಕೆ ಫೋನ್ ಸಾಕು. ಸದ್ದಿಗೆ ಸಾಲದು. ಫೋನಿನ ಒಳಗಿನ ಮೈಕು ಮಾತಿಗಾಗಿ ಮಾಡಿದ್ದು. ಮೆಲ್ಲಗೆ ನುಡಿಸಿದರೆ ತಾನೇ ಜೋರು ಮಾಡುತ್ತದೆ, ಜೋರು ನುಡಿಸಿದರೆ ತಾನೇ ತಗ್ಗಿಸುತ್ತದೆ. ನೀವು ಒಂದು ವರ್ಷ ಕಷ್ಟಪಟ್ಟು ಕಲಿತ ಏರಿಳಿತ ಎಲ್ಲ ಚಪ್ಪಟೆ. ಫೋನಿಗೆ ಸಿಕ್ಕಿಸುವ ಸ್ಟೀರಿಯೋ ಮೈಕು ಅಥವಾ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರೆಕಾರ್ಡರ್ ಒಂದು ತೆಗೆದುಕೊಳ್ಳಿ, ಇಲ್ಲ ಸ್ನೇಹಿತರಿಂದ ತನ್ನಿ. ಸಾವಿರಗಟ್ಟಲೆ ಕೊಟ್ಟು ಸ್ಟುಡಿಯೋ ಬಾಡಿಗೆ ಹಿಡಿಯುವ ಅಗತ್ಯ ಇಲ್ಲ. ಸಿನಿಮಾ ಹಾಡಿನ ಸ್ಟುಡಿಯೋಗಳಲ್ಲಿ ಮೈಕು ಮೂಗಿನ ಹತ್ತಿರ ಇಡುತ್ತಾರೆ. ನಿಮಗೆ ಬೇಕಾಗಿರುವುದು ಮುಂದಿನ ಸಾಲಿನಲ್ಲಿ ಕೂತವರಿಗೆ ಕೇಳಿಸುವ ಸದ್ದು.

ವಯೊಲಿನ್‌ಗೆ ಮೈಕು ಎರಡರಿಂದ ಮೂರು ಮೀಟರ್ ದೂರ, ವಾದ್ಯಕ್ಕಿಂತ ಸ್ವಲ್ಪ ಎತ್ತರ. ಹಾಡುವವರಿಗೆ ಒಂದೂವರೆಯಿಂದ ಎರಡು ಮೀಟರ್. ಪಿಯಾನೋ ಸಾಥ್ ಇದ್ದರೆ ಮೈಕು ನಿಮಗೆ ಹತ್ತಿರ, ಪಿಯಾನೋ ನಿಮ್ಮ ಹಿಂದೆ. ರೆಕಾರ್ಡರ್ ಇದ್ದರೆ 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ. ನಿಮ್ಮ ಕೃತಿಯ ಅತಿ ಜೋರಿನ ಜಾಗ ನುಡಿಸಿ ಮೀಟರ್ ನೋಡಿ. ಮುಳ್ಳು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಬೇಕು. ಸೊನ್ನೆ ಮುಟ್ಟಿದರೆ ಸದ್ದು ಒಡೆಯುತ್ತದೆ. ಒಡೆದ ಸದ್ದನ್ನು ಆಮೇಲೆ ಯಾವ ದೇವರೂ ಸರಿ ಮಾಡಲಾರ.

ಸದ್ದು ಬೇರೆ, ಚಿತ್ರ ಬೇರೆ ರೆಕಾರ್ಡ್ ಮಾಡಿದರೆ ಶುರುವಿನಲ್ಲಿ ಕ್ಯಾಮೆರಾಗೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ. ಎರಡನ್ನೂ ಕೂಡಿಸುವಾಗ ಅದೇ ಗುರುತು. ಹೀಗೆ ಕೂಡಿಸಲು ಆ ಕಾಲೇಜಿನ ನಿಯಮ ಒಪ್ಪುತ್ತದೆಯೇ ಎಂದು ಮೊದಲೇ ಓದಿ.

ಕ್ಯಾಮೆರಾ ಅಡ್ಡಲಾಗಿರಲಿ. ಮುಖ, ಎರಡು ಕೈ, ಪೂರ್ತಿ ವಾದ್ಯ ಕಾಣಬೇಕು. ಕಿಟಕಿ ನಿಮ್ಮ ಹಿಂದೆ ಇದ್ದರೆ ನೀವು ಕಪ್ಪು ನೆರಳಾಗುತ್ತೀರಿ. ಟ್ಯೂಬ್‌ಲೈಟ್ ಕೆಳಗೆ ವಿಡಿಯೋದಲ್ಲಿ ಪಟ್ಟೆಪಟ್ಟೆ ಓಡಾಡುವುದನ್ನು ನೋಡಿರುತ್ತೀರಿ. ನಮ್ಮ ಕರೆಂಟು 50 ಹರ್ಟ್ಸ್. ಫೋನನ್ನು ಸೆಕೆಂಡಿಗೆ 25 ಫ್ರೇಮ್‌ಗೆ ಇಟ್ಟರೆ ಸಾಮಾನ್ಯವಾಗಿ ಆ ಪಟ್ಟೆ ಹೋಗುತ್ತದೆ. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ. ನಾಲ್ಕನೇ ನಿಮಿಷದಲ್ಲಿ ಚಿಕ್ಕಮ್ಮನ ಫೋನ್ ಬಂದು ರೆಕಾರ್ಡಿಂಗ್ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು, ಎಲ್ಲವೂ ಬ್ಯಾಟರಿ ಮೇಲೆ ನಡೆಯಲಿ. ಕರೆಂಟ್ ಹೋದರೂ ಟೇಕ್ ಉಳಿಯುತ್ತದೆ, ಯುಪಿಎಸ್ ಗುಂಯ್‌ಗುಟ್ಟುವುದೂ ಇಲ್ಲ.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಛೇರಿಗೆ ಹೋಗುವಾಗ ಹಾಕುವಂಥದ್ದು ಸಾಕು.

ಹೆಜ್ಜೆ 6: ಟೇಕ್ ತೆಗೆಯುವುದು, ಆರಿಸುವುದು

ನಿಯಮ ಎಲ್ಲ ಕಡೆ ಹೆಚ್ಚುಕಮ್ಮಿ ಇದೇ. ಒಂದು ಕೃತಿ ಅಥವಾ ಒಂದು ಭಾಗ ಪೂರ್ತಿ ಒಂದೇ ಟೇಕ್. ಬೇರೆ ಬೇರೆ ಕೃತಿ ಬೇರೆ ಬೇರೆ ದಿನ ಆಗಬಹುದು, ಆದರೆ ಒಂದರ ಒಳಗೆ ಕತ್ತರಿ ಆಡಿಸುವಂತಿಲ್ಲ. ರಿವರ್ಬ್ (ಕೃತಕ ಅನುರಣನ) ಹಾಕುವುದು, ಸ್ವರ ತಿದ್ದುವುದು ಬೇಡವೇ ಬೇಡ. ಇಪ್ಪತ್ತು ಮೂವತ್ತು ವರ್ಷ ಕೇಳಿ ಪಳಗಿದ ಕಿವಿ, ಗೊತ್ತಾಗಿಯೇ ಆಗುತ್ತದೆ.

ಅಭ್ಯಾಸಕ್ಕೆ ಒಂದು ದಾರಿ: ಬ್ರಿಟನ್‌ನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂ 2020ರಲ್ಲಿ ಶುರು ಮಾಡಿದ ಪರ್ಫಾರ್ಮೆನ್ಸ್ ಗ್ರೇಡ್ಸ್ ಪರೀಕ್ಷೆ. ನಾಲ್ಕು ಕೃತಿ, ನಡುವೆ ನಿಲ್ಲಿಸದೆ, ಒಂದೇ ವಿಡಿಯೋ. ಗ್ರೇಡ್ 8 ಹೀಗೆ ಕೊಟ್ಟ ಮಕ್ಕಳಿಗೆ ಕ್ಯಾಮೆರಾ ಭಯ ಅರ್ಧ ಹೋಗಿರುತ್ತದೆ. ಪರೀಕ್ಷೆ ಕೊಡದವರು ಮನೆಯಲ್ಲಿ ದಿನಾ ಒಂದು "ತಣ್ಣನೆ ಟೇಕ್" ಮಾಡಿ. ಶಾಲೆಯಿಂದ ಬಂದು, ಕೈಕಾಲು ತೊಳೆದು, ಮೊದಲು ಒಂದಿಷ್ಟು ನುಡಿಸಿ ಕೈ ಹದ ಮಾಡಿಕೊಳ್ಳದೆ, ಕ್ಯಾಮೆರಾ ಹಾಕಿ ಒಂದೇ ಸಲ. ಏನಾದರೂ ಆಗಲಿ, ನಿಲ್ಲಿಸುವಂತಿಲ್ಲ.

ನಿಜವಾದ ರೆಕಾರ್ಡಿಂಗ್ ದಿನ ನನ್ನ ಲೆಕ್ಕ: ಒಂದು ಕೃತಿಗೆ ಮೂರು ಟೇಕ್. ಅದಕ್ಕಿಂತ ಜಾಸ್ತಿ ಇಲ್ಲ. ಸರಿ ಬರಲಿಲ್ಲವೇ, ಮನೆಗೆ ಹೋಗಿ, ವಾರ ಬಿಟ್ಟು ಇನ್ನೊಂದು ದಿನ. ಇದಕ್ಕೇ ಗಡುವಿಗೆ ಆರು ವಾರ ಮುಂಚೆ ಶುರು ಮಾಡಬೇಕು. ಕಡೇ ವಾರ ಶುರು ಮಾಡಿದವರಿಗೆ ಮೂವತ್ತು ಟೇಕ್ ತಪ್ಪುವುದಿಲ್ಲ.

ಆರಿಸುವಾಗ ಎರಡು ದಿನ ಬಿಟ್ಟು ಕೇಳಿ. ಮೊದಲು ಕಣ್ಣು ಮುಚ್ಚಿ ಬರೀ ಸದ್ದು. ಆಮೇಲೆ ಸದ್ದು ಬಂದ್ ಮಾಡಿ ಬರೀ ಚಿತ್ರ. ಎರಡನೆಯದು ವಿಚಿತ್ರ ಅನ್ನಿಸಬಹುದು, ಮಾಡಿ ನೋಡಿ. ತಪ್ಪು ಸ್ವರ ಬಿದ್ದಾಗ ಮುಖ ಹಿಂಡುವ ಅಭ್ಯಾಸ ಅಲ್ಲಿ ಸಿಕ್ಕಿಬೀಳುತ್ತದೆ. ಕೇಳದೇ ಇದ್ದ ತಪ್ಪನ್ನು ಮುಖವೇ ತೋರಿಸಿಕೊಡುತ್ತದೆ. ಒಂದು ಸ್ವರ ಜಾರಿದ, ಆದರೆ ಜೀವ ಇರುವ ಟೇಕ್, ತಪ್ಪೇ ಇಲ್ಲದ ಹೆದರಿದ ಟೇಕ್, ಇವೆರಡರಲ್ಲಿ ಮೊದಲನೆಯದನ್ನೇ ಕಳಿಸಿ. ಶ್ರುತಿ ಹೋಗಿರುವುದು, ತಾಳ ಓಡಿರುವುದು ಬೇರೆ ಮಾತು. ಅವಕ್ಕೆ ಕ್ಷಮೆ ಇಲ್ಲ.

ಸಾಥ್‌ಗೆ ಬರುವ ಪಿಯಾನೋದವರ ಜೊತೆ ಕಡಿಮೆ ಎಂದರೂ ಮೂರು ರಿಹರ್ಸಲ್ ಇರಲಿ. ಅವರಿಗೆ ಕೊಡಬೇಕಾದ ಹಣವನ್ನು ಮೊದಲೇ ಮಾತಾಡಿ. ನಮ್ಮಲ್ಲಿ ಚೆನ್ನಾಗಿ ಸಾಥ್ ಕೊಡುವವರು ಕಡಿಮೆ, ನವೆಂಬರ್‌ನಲ್ಲಿ ಎಲ್ಲರಿಗೂ ಅವರೇ ಬೇಕು. ಅಪ್ಪ ಅಮ್ಮ ರೂಮಿನಿಂದ ಹೊರಗಿರಬೇಕು. ಬಾಗಿಲ ಸಂದಿಯಿಂದಲೂ ನೋಡಬಾರದು.

ಹೆಜ್ಜೆ 7: ಆನ್‌ಲೈನ್ ಲೈವ್

ಜೂಮ್ ಮಾತಾಡುವುದಕ್ಕೆ ಮಾಡಿದ ಸಾಮಾನು. ಎಡೆಬಿಡದೆ ಒಂದೇ ಸ್ವರ ಕೇಳಿದರೆ ಅದು ಫ್ಯಾನಿನ ಸದ್ದು ಎಂದುಕೊಂಡು ಅಳಿಸಿಬಿಡುತ್ತದೆ. ವಯೊಲಿನ್‌ನ ಉದ್ದ ಕಮಾನು, ತಂಬೂರಿ, ಎಲ್ಲ ಮಾಯ. ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಒಳಗೆ "ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್" ಆರಿಸಿ, ಅದರಲ್ಲಿ ಹೈ ಫಿಡೆಲಿಟಿ ಹಾಕಿ, ಎಕೋ ಕ್ಯಾನ್ಸಲೇಷನ್ ತೆಗೆಯಿರಿ. ಎಕೋ ಕ್ಯಾನ್ಸಲೇಷನ್ ತೆಗೆದ ಮೇಲೆ ಹೆಡ್‌ಫೋನ್ ಹಾಕಿಕೊಂಡೇ ಮಾತಾಡಬೇಕು, ಇಲ್ಲದಿದ್ದರೆ ಅವರ ಮಾತು ಅವರಿಗೇ ಹಿಂದಿರುಗುತ್ತದೆ. ಮೀಟಿಂಗ್ ಒಳಗೆ ಹೋದ ಮೇಲೆ ಮೇಲಿನ ಮೂಲೆಯಲ್ಲಿ ಒರಿಜಿನಲ್ ಸೌಂಡ್ ಆನ್ ಆಗಿದೆಯೇ ಎಂದು ಮತ್ತೆ ನೋಡಿ. ವೈಫೈ ಬೇಡ, ರೂಟರ್‌ನಿಂದ ನೇರ ಕೇಬಲ್ ಎಳೆಯಿರಿ. ಪಕ್ಕದಲ್ಲಿ ಫೋನ್ ಹಾಟ್‌ಸ್ಪಾಟ್ ತಯಾರಿರಲಿ.

ಸಾಥ್ ಕೊಡುವವರು ಇನ್ನೊಂದು ಮನೆಯಿಂದ ಸೇರುವುದು ಆಗದ ಮಾತು. ಸದ್ದು ತಡವಾಗಿ ತಲುಪುತ್ತದೆ, ತಾಳ ಕೂಡುವುದಿಲ್ಲ.

ಗಂಟೆ ಲೆಕ್ಕ ಸರಿಯಾಗಿ ಹಾಕಿ. ಚಳಿಗಾಲದಲ್ಲಿ ಬಾಸ್ಟನ್, ನ್ಯೂಯಾರ್ಕ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅವರ ಬೆಳಗಿನ 10 ನಮಗೆ ರಾತ್ರಿ 8:30. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಅದೇ 10 ನಮಗೆ 7:30. ಅವರ ಮಧ್ಯಾಹ್ನದ ಸ್ಲಾಟ್ ಕೊಟ್ಟರೆ ನಿಮಗೆ ನಡುರಾತ್ರಿ. ಬೆಳಗಿನ ಸ್ಲಾಟ್ ಕೇಳಿ. ಒಂದು ವಾರ ಮುಂಚಿನಿಂದ ಅದೇ ಹೊತ್ತಿಗೆ ಅಭ್ಯಾಸ ಮಾಡಿ.

ಹೆಜ್ಜೆ 8: ಎದುರಿಗೆ ಹೋಗುವುದಾದರೆ

ಫೆಬ್ರುವರಿಯ ಬಾಸ್ಟನ್‌ನಲ್ಲಿ ಹೊರಗೆ ಹಿಮ, ಒಳಗೆ ಹೀಟರ್. ಒಳಗಿನ ಗಾಳಿ ಒಣ ಒಣ. ಬೆಂಗಳೂರಿನಿಂದ ಹೋದ ವಯೊಲಿನ್‌ನ ಮರ ಕುಗ್ಗಿ, ಬಿರಡೆ ಜಾರುತ್ತದೆ, ಕೆಲವೊಮ್ಮೆ ಅಂಟು ಬಿಡುತ್ತದೆ. ವಾದ್ಯದ ಪೆಟ್ಟಿಗೆಯಲ್ಲಿ ತೇವ ಕೊಡುವ ಹ್ಯುಮಿಡಿಫೈಯರ್ ಇಟ್ಟುಕೊಂಡೇ ಹೋಗಿ. ಒಂದು ಜೊತೆ ತಂತಿ ಜಾಸ್ತಿ ಇರಲಿ, ಅದೂ ಆಗಲೇ ಹಾಕಿ ಎಳೆದು ಪಳಗಿಸಿದ ತಂತಿ. ಮೃದಂಗದವರಿಗೆ ಇನ್ನೂ ಕಷ್ಟ, ಚರ್ಮ ಒಣಗಿ ಬಿಗಿದು ಶ್ರುತಿ ಏರುತ್ತದೆ. ವಾದ್ಯ ಯಾವತ್ತೂ ಕೈಯಲ್ಲೇ, ಲಗೇಜಿಗೆ ಹಾಕಬೇಡಿ. ಕಡಿಮೆ ಎಂದರೆ ಮೂರು ದಿನ ಮುಂಚೆ ತಲುಪಿ. ನಿದ್ದೆ ಸರಿಹೋಗಲು ಅಷ್ಟಾದರೂ ಬೇಕು.

ರೂಮಿನ ಒಳಗೆ ಏನಾಗುತ್ತದೆ? ಮೇಜಿನ ಹಿಂದೆ ಮೂರು ನಾಲ್ಕು ಜನ. "ಯಾವುದರಿಂದ ಶುರು ಮಾಡುತ್ತೀರಿ?" ಎಂದು ಬಹಳಷ್ಟು ಸಲ ನಿಮ್ಮನ್ನೇ ಕೇಳುತ್ತಾರೆ. ಕೈ ನಡುಗುತ್ತಿರುವಾಗಲೂ ಬರುವಂಥದ್ದನ್ನು ಹೇಳಿ. ಎರಡು ನಿಮಿಷ ನುಡಿಸುವಷ್ಟರಲ್ಲಿ "ಥ್ಯಾಂಕ್ಯೂ" ಎಂದು ನಿಲ್ಲಿಸುತ್ತಾರೆ. ಇಲ್ಲೇ ನಮ್ಮ ಮಕ್ಕಳು ಕುಸಿಯುವುದು. ಕಛೇರಿಯಲ್ಲಿ ಯಾರಾದರೂ ನಡುವೆ ನಿಲ್ಲಿಸಿದರೆ ಅವಮಾನ, ಅಲ್ವಾ? ಇಲ್ಲಿ ಹಾಗಲ್ಲ. ಅವರಿಗೆ ಬೇಕಾದದ್ದು ಗೊತ್ತಾಗಿದೆ, ಹೊರಗೆ ಇನ್ನೂ ಜನ ಕಾಯುತ್ತಿದ್ದಾರೆ, ಅಷ್ಟೇ. ಮನೆಯಲ್ಲೇ ಇದನ್ನು ರೂಢಿ ಮಾಡಿ. ಯಾರಾದರೂ ಸುಮ್ನೆ ನಡುವೆ "ಸಾಕು, ಮುಂದಿನದು" ಎನ್ನಲಿ. ನಾನು ನಮ್ಮ ಯಜಮಾನರಿಗೆ ಈ ಕೆಲಸ ಕೊಟ್ಟಿದ್ದೇನೆ. ಅವರಿಗೆ ಸಂಗೀತದ ಗಂಧ ಇಲ್ಲ, ಅದಕ್ಕೇ ಎಲ್ಲೆಂದರಲ್ಲಿ ನಿಲ್ಲಿಸುತ್ತಾರೆ. ತುಂಬ ಉಪಯೋಗ ಆಗಿದೆ.

ತಪ್ಪಾದರೆ ಹಿಂದೆ ಹೋಗಬೇಡಿ, ಸಾರಿ ಹೇಳಬೇಡಿ. ಮುಂದಿನ ಸಾಲಿಗೆ ಹೋಗಿ. ಕೆಲವು ಟೀಚರ್‌ಗಳು "ಇದನ್ನೇ ಇನ್ನೂ ನಿಧಾನ ನುಡಿಸು", "ಕಮಾನು ಉಲ್ಟಾ ಹಿಡಿದು ನೋಡು" ಎಂದು ಅಲ್ಲೇ ಪಾಠ ಶುರು ಮಾಡುತ್ತಾರೆ. ಅದು ಒಳ್ಳೆಯ ಲಕ್ಷಣ. ಹೇಳಿದ್ದನ್ನು ತಕ್ಷಣ ಮಾಡಲು ಪ್ರಯತ್ನಿಸಿ, ಸರಿ ಬರದಿದ್ದರೂ ಚಿಂತೆ ಇಲ್ಲ. "ನಮ್ಮ ಟೀಚರ್ ಹೀಗೆ ಹೇಳಿಕೊಟ್ಟಿದ್ದಾರೆ" ಎಂದು ಮಾತ್ರ ವಾದ ಮಾಡಬೇಡಿ. ಆ ಟೀಚರ್ ನಾನೇ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ

ಬಾಸ್ಟನ್‌ನ ಬರ್ಕ್ಲಿ ಕಾಲೇಜು ಶೈಲಿಯ ಬಗ್ಗೆ ಹಠ ಮಾಡುವುದಿಲ್ಲ. ಮೂರರಿಂದ ಐದು ನಿಮಿಷದ ಒಂದು ಸಿದ್ಧ ಕೃತಿ, ಸ್ವಲ್ಪ ಇಂಪ್ರೊವೈಸೇಷನ್ (ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು), ಅವರು ನುಡಿಸಿದ್ದನ್ನು ಕೇಳಿ ಹಿಂದಿರುಗಿಸುವುದು, ನೊಟೇಷನ್ ಓದುವುದು, ಜೊತೆಗೆ ಇಂಟರ್‌ವ್ಯೂ. ವಿದ್ವತ್ ಮಟ್ಟಕ್ಕೆ ಕಲಿತವರಿಗೆ ಮನೋಧರ್ಮ, ಕಲ್ಪನಾಸ್ವರ ನೀರು ಕುಡಿದ ಹಾಗೆ. ಕೇಳಿದ ತಕ್ಷಣ ಸ್ವರ ಹಾಕುವುದೂ ಬರುತ್ತದೆ. ಎಡವುವುದು ಸ್ಟಾಫ್ ನೊಟೇಷನ್‌ನಲ್ಲಿ, ಅಂದರೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯಲ್ಲಿ. ಒಂದು ವರ್ಷ ಮುಂಚೆ ಅದನ್ನು ಶುರು ಮಾಡಿ.

ಐದು ನಿಮಿಷಕ್ಕೆ ಕೃತಿ ಇಳಿಸುವುದು ಒಂದು ಕಲೆ. ಪಲ್ಲವಿ, ಅನುಪಲ್ಲವಿ, ಚರಣ ಎಲ್ಲ ಹಿಡಿಸಲು ಹೋಗಿ ಓಡಬೇಡಿ. ನಲವತ್ತು ಸೆಕೆಂಡು ಆಲಾಪನೆ, ಪಲ್ಲವಿ, ಎರಡು ಸುತ್ತು ಸ್ವರ, ಒಂದು ಮುಕ್ತಾಯ. ಶ್ರುತಿ ಪೆಟ್ಟಿಗೆ ಮೈಕಿಗೆ ದೂರ ಇಡಿ. ನೆಲದ ಮೇಲೆ ಕೂತು ನುಡಿಸುವವರು ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಇಳಿಸಿ. ಮೇಲಿನಿಂದ ತೆಗೆದರೆ ನೆತ್ತಿ ಮಾತ್ರ ಕಾಣುತ್ತದೆ. ಇಂಟರ್‌ವ್ಯೂನಲ್ಲಿ ರಾಗ ಎಂದರೇನು ಎಂದು ಕೇಳುವ ಸಾಧ್ಯತೆ ಇದೆ. ಒಂದು ನಿಮಿಷದಲ್ಲಿ, ಹಾಡಿ ತೋರಿಸಿ ಹೇಳುವುದನ್ನು ರೂಢಿ ಮಾಡಿಕೊಳ್ಳಿ. ವೇದಕಾಲದಿಂದ ಶುರು ಮಾಡಬೇಡಿ.

ಹೆಜ್ಜೆ 9: ಕಳಿಸುವ ದಿನ

ಫೈಲಿನ ಹೆಸರು ಅವರು ಹೇಳಿದ ಹಾಗೇ ಇಡಿ. ಅಪ್‌ಲೋಡ್ ಆದ ಮೇಲೆ ಅವರ ಪುಟದಲ್ಲೇ ಮೊದಲಿಂದ ಕೊನೆಯವರೆಗೆ ಪ್ಲೇ ಮಾಡಿ ನೋಡಿ. ಅರ್ಧಕ್ಕೆ ನಿಂತ ಫೈಲು, ಸದ್ದಿಲ್ಲದ ಫೈಲು, ತಪ್ಪು ಜಾಗಕ್ಕೆ ಹೋದ ಫೈಲು, ಮೂರನ್ನೂ ನೋಡಿದ್ದೇನೆ. ಡಿಸೆಂಬರ್ 1 ರಾತ್ರಿ 11:59 ಎಂದು ನ್ಯೂಯಾರ್ಕ್ ಲೆಕ್ಕದಲ್ಲಿ ಇದ್ದರೆ ನಮಗೆ 2ನೇ ತಾರೀಕು ಬೆಳಗ್ಗೆ 10:29. ಬ್ರಿಟನ್‌ನ ಅಕ್ಟೋಬರ್ ಗಡುವು ಅಲ್ಲಿ ಸಂಜೆ 6 ಎಂದರೆ ಇಲ್ಲಿ ರಾತ್ರಿ 10:30. ಈ ಲೆಕ್ಕ ಗೊತ್ತಿರಲಿ, ಆದರೆ ನೆಚ್ಚಿಕೊಳ್ಳಬೇಡಿ. ನಾಲ್ಕು ದಿನ ಮುಂಚೆ ಕಳಿಸಿ.

ಆ ರಾಜ್ಯೋತ್ಸವದ ಹುಡುಗಿಯ ಕಥೆ ಬಾಕಿ ಇತ್ತು. ನಾಲ್ಕು ದಿನ ಬಿಟ್ಟು, ಒಂದು ಗುರುವಾರ ಮಧ್ಯಾಹ್ನ ಎರಡೂವರೆಗೆ ಮತ್ತೆ ನಿಂತಳು. ಎರಡನೇ ಟೇಕ್ ಅದ್ಭುತವಾಗಿ ಬಂತು. ಕೊನೆಯ ಉದ್ದದ ಸ್ವರ ಸಣ್ಣಗೆ ಸಣ್ಣಗೆ ಆಗುತ್ತಾ ಇನ್ನೇನು ಮುಗಿಯಬೇಕು, ಬೀದಿಯ ಆ ತುದಿಯಿಂದ ತಳ್ಳುಗಾಡಿಯ ರೆಕಾರ್ಡ್ ಮಾಡಿದ ದನಿ: "ಸೊಪ್ಪೂ... ಮೆಂತ್ಯ ಸೊಪ್ಪೂ..." ತುಂಬ ಮೆಲ್ಲಗೆ, ಆದರೆ ಕೇಳಿಸುತ್ತದೆ. ಮೂರನೇ ಟೇಕ್ ಮಾಡಿದೆವು. ಸೊಪ್ಪು ಇರಲಿಲ್ಲ, ಜೀವವೂ ಇರಲಿಲ್ಲ. ಎರಡನೆಯದನ್ನೇ ಕಳಿಸಿದೆವು.

ಲೈವ್‌ಗೆ ಕರೆ ಬಂತು. ಮೇಲ್ ಓದಿ ಕುಣಿದಾಡಿ, ಸುಸ್ತಾಗಿ ಕೂತು, ಅವಳು ಕೇಳಿದ ಮೊದಲ ಪ್ರಶ್ನೆ: "ಮಿಸ್, ಅವರು ಕೊನೆಯಲ್ಲಿ ಏನದು ಅಂತ ಕೇಳಿದರೆ, ಮೆಂತ್ಯ ಸೊಪ್ಪಿಗೆ ಇಂಗ್ಲಿಷ್‌ನಲ್ಲಿ ಏನು ಹೇಳಲಿ?"